ಎರಡನೇ ಹಾಸಿಗೆಯ ದರ

ಮುಂಡಗೋಡ ಕಡೆಯ ಸನವಳ್ಳಿಯ ಗಿರಿಜಾಬಾಯಿ ದಾಂಡೇಲಿಯ ಟ್ರಾವೆಲ್ಸ್ ಅಂಗಡಿಯ ಮೆಟ್ಟಿಲು ಹತ್ತಿದ್ದು ಜನವರಿಯ ಒಂದು ಮಂಗಳವಾರ. ಮಂಗಳವಾರ ಆ ಅಂಗಡಿಗೆ ಬರುವವರು ಕಡಿಮೆ. ಮಾಲೀಕ ಕಿರಣಕುಮಾರ ರಾಫ್ಟಿಂಗ್ ದೋಣಿಗಳಿಗೆ ತೇಪೆ ಹಾಕಿಸಲು ಮೌಳಂಗಿಯ ಕಡೆ ಹೋಗಿದ್ದ. ಮೇಜಿನ ಹಿಂದೆ ಇಜಾಬೆಲ್ ಒಬ್ಬಳೇ ಕೂತು, ಶನಿವಾರದ ಹೋಮ್‌ಸ್ಟೇ ಬುಕಿಂಗುಗಳನ್ನು ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಗಿರಿಜಾಬಾಯಿ ಕುರ್ಚಿಯಲ್ಲಿ ಕೂಡುವ ಮೊದಲೇ ಕೇಳಿದರು. "ಹಡಗಿನಾಗ ಇದ್ದು ಬಂದಾಕಿ ನೀನಽ ಏನು?"

"ನಾನಽ ರಿ. ಬರ್ರಿ, ಕುಂದರ್ರಿ."

"ಹಳಿಯಾಳದಾಗ ನಮ್ಮ ತಂಗಿ ಗುರುಬಸವ್ವ ಅದಾಳ. ಆಕಿ ಹೇಳಿದ್ಲು. ನನಗೊಂದು ಟಿಕೆಟ್ ಬೇಕು. ದಂಡಿ ಕಾಣದಷ್ಟು ದೂರ ಹೋಗೋ ಹಡಗು ಬೇಕು. ದಂಡಿಗುಂಟ ತಿರುಗಿ ಬರೋದು ಬ್ಯಾಡ."

ಇಜಾಬೆಲ್ ಹಳಿಯಾಳ ತಾಲೂಕಿನ ಒಂದು ಸಿದ್ದಿ ಹಳ್ಳಿಯವಳು. ಅಪ್ಪ ಅಂತೋನಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದ. ಹತ್ತೊಂಬತ್ತಕ್ಕೆ ಗೋವಾದ ಹೋಟೆಲೊಂದರಲ್ಲಿ ರೂಮು ಗುಡಿಸಲು ಸೇರಿದವಳು, ಅಲ್ಲಿಂದ ಪ್ರವಾಸಿ ಹಡಗಿಗೆ ಹೋಗಿ ನಾಲ್ಕು ವರ್ಷ ಅಲ್ಲಿಯೂ ರೂಮುಗಳನ್ನೇ ನೋಡಿಕೊಂಡಳು. ಕೊರೊನಾ ಬಂದು ಹಡಗುಗಳೆಲ್ಲ ನಿಂತಾಗ ಊರಿಗೆ ಬಂದಳು. ಮತ್ತೆ ಕರೆ ಬಂದಾಗ ಮೊಣಕಾಲು ಕೇಳಲಿಲ್ಲ. ಈಗ ಮೂವತ್ತಾರು. ಸುತ್ತ ನಾಲ್ಕು ತಾಲೂಕಿನಲ್ಲಿ ಹಡಗಿನ ಒಳಗನ್ನು ಬಲ್ಲವಳು ಸಿಕ್ಕಳೆಂದು ಕಿರಣಕುಮಾರ ಅವಳನ್ನು ಕೆಲಸಕ್ಕಿಟ್ಟುಕೊಂಡು, ಬೋರ್ಡಿನ ಮೇಲೆ ರಾಫ್ಟಿಂಗ್ ದೋಣಿಯ ಪಕ್ಕದಲ್ಲಿ ಒಂದು ಬಿಳಿ ಹಡಗಿನ ಚಿತ್ರವನ್ನೂ ಬರೆಸಿದ್ದ.

ಅವಳು ಕಂಪ್ಯೂಟರನ್ನು ತಿರುಗಿಸಿ ತೋರಿಸಿದಳು. ಗೋವಾದ ವಾಸ್ಕೊ ಬಂದರಿನಿಂದ ಹೊರಟು, ಲಕ್ಷದ್ವೀಪದ ಒಂದು ದ್ವೀಪವನ್ನು ಮುಟ್ಟಿ, ನಾಲ್ಕನೇ ದಿನ ಮರಳುವ ಹಡಗು. ಕಿಟಕಿ ಇರುವ ಕ್ಯಾಬಿನ್ನಿಗೆ ಒಬ್ಬರಿಗೆ ಮೂವತ್ತೊಂಬತ್ತು ಸಾವಿರ.

"ಆತು. ಒಂದು ಕೊಡು."

"ಅದು ಇಬ್ಬರು ಇದ್ದಾಗ ಒಬ್ಬರ ದರ ರಿ, ಬಾಯಾರ. ಒಬ್ಬರಽ ಹೋದ್ರ ಎರಡನೇ ಹಾಸಗಿ ರೊಕ್ಕಾನೂ ಕೊಡಬೇಕಾಗತೈತಿ. ಎಪ್ಪತ್ತೆಂಟು."

ಗಿರಿಜಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಎರಡನೇ ಹಾಸಗ್ಯಾಗ ಯಾರ ಇರತಾರ?"

"ಯಾರೂ ಇರೂದಿಲ್ಲ."

"ನಮ್ಮ ಮನಿಯವರು ತೀರಕೊಂಡು ಆರು ವರ್ಷ ಆತು. ಇದ್ದಾಗ ಹಳ್ಳ ದಾಟಾಕೂ ಅಂಜೋ ಮನಷ್ಯಾ. ಒಂದ ಊರಿಗೆ ಕರಕೊಂಡು ಹೋಗಲಿಲ್ಲ. ಈಗ ಅವರ ಟಿಕೆಟ್ಟೂ ನಾನಽ ತಗೋಬೇಕೇನು?"

ನಗಬೇಕೋ ಬೇಡವೋ ಇಜಾಬೆಲ್‌ಗೆ ತಿಳಿಯಲಿಲ್ಲ. ಹೆಂಗಸಿನ ಮುಖದಲ್ಲಿ ದುಃಖ ಇರಲಿಲ್ಲ. ಲೆಕ್ಕ ತಪ್ಪಿದವರನ್ನು ನೋಡುವ ಬೇಸರ ಮಾತ್ರ ಇತ್ತು. ಹಡಗಿನವರು ಯಾಕೆ ಹಾಗೆ ಮಾಡುತ್ತಾರೆಂದು ಅವಳು ಬಿಡಿಸಿ ಹೇಳಿದಳು. ಹಡಗು ದುಡಿಯುವುದು ಬರೀ ಟಿಕೆಟಿನಿಂದಲ್ಲ. ಒಳಗೆ ಹೋದ ಮೇಲೆ ಮಂದಿ ಕುಡಿಯುತ್ತಾರೆ, ಜೂಜಾಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಒಬ್ಬರೇ ಬಂದರೆ ಅಷ್ಟು ದುಡಿಮೆ ಕಡಿಮೆಯಾಯಿತು. ಅದನ್ನು ಅವರು ಮೊದಲೇ ಇಸಿದುಕೊಳ್ಳುತ್ತಾರೆ.

"ಮತ್ತ ಆ ಹಾಸಗಿ ಯಾರೂ ತಗೋಳದಽ ಖಾಲಿ ಹೋತು ಅಂದ್ರ?"

"ಹೋತಽ ರಿ. ನಾಳಿಗೆ ಇಟ್ಟು ಮಾರಾಕ ಬರೂದಿಲ್ಲ."

ಗಿರಿಜಾಬಾಯಿ ಕನ್ನಡಕ ಹಾಕಿಕೊಂಡರು. ಅವರದು ಮಾವಿನ ವ್ಯಾಪಾರ. ಗಂಡ ತೀರಿಕೊಂಡ ಮೇಲೆ, ಹೂ ಬಿಟ್ಟಾಗಲೇ ಮುಂಡಗೋಡದ ಸುತ್ತಲಿನ ತೋಟಗಳನ್ನು ಗುತ್ತಿಗೆ ಹಿಡಿದು, ಕಾಯಿಯಾದಾಗ ಇಳಿಸಿ, ಹುಬ್ಬಳ್ಳಿಗೆ ಪೆಟ್ಟಿಗೆ ಕಳಿಸುವುದನ್ನು ಅವರೇ ನಡೆಸಿಕೊಂಡು ಬಂದಿದ್ದರು. ನಾಳೆಗೆ ಉಳಿಯದ ಮಾಲು ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹಂಗಾದ್ರ ಕಾಯೂಣು," ಎಂದರು. "ಸುಗ್ಗಿ ಶುರು ಆಗೋದು ಏಪ್ರಿಲ್‌ದಾಗ. ಅದಕ್ಕೂ ಮೊದಲ ಯಾವಾಗ ಮಂದಿ ಕಡಿಮಿ ಇರತಾರ, ನೋಡಿ ಹೇಳು."

ಇಜಾಬೆಲ್ ಮಾರ್ಚ್ ನಡುವಿನ ಒಂದು ಸೋಮವಾರದ ಪ್ರಯಾಣವನ್ನು ಗುರುತು ಹಾಕಿದಳು. ಆಗ ಎಲ್ಲ ಮನೆಗಳಲ್ಲೂ ಮಕ್ಕಳ ಪರೀಕ್ಷೆ. ಸಂಸಾರ ಸಮೇತ ಹೊರಡುವವರು ಇರುವುದಿಲ್ಲ.

ಅಂದಿನಿಂದ ಪ್ರತಿ ಮಂಗಳವಾರ ಗಿರಿಜಾಬಾಯಿಯ ಫೋನು ಬರತೊಡಗಿತು. "ಇವತ್ತ ಎಷ್ಟೈತಿ?" ಎಂದಷ್ಟೇ ಕೇಳುವರು. ಗಣರಾಜ್ಯೋತ್ಸವದ ರಜೆಯ ಮುಂದೆ ದರ ನಲವತ್ತೆರಡಕ್ಕೆ ಏರಿತು. ಫೆಬ್ರವರಿಯಲ್ಲಿ ಕದಲಲಿಲ್ಲ. "ಇರಲಿ ಬಿಡು," ಎಂದು ಫೋನಿಡುವರು. ಕಿರಣಕುಮಾರ ಇದನ್ನು ಕೇಳಿಸಿಕೊಂಡು, "ಆ ಮುದುಕಿ ತಗೋಳೂದಿಲ್ಲ, ಸುಮ್ಮನ ನಿನ್ನ ಟೈಮ್ ಹಾಳ ಮಾಡತಾಳ," ಎಂದ. ಶನಿವಾರ ನೀರಿಗೆ ಮಂದಿ ಮುಗಿಬಿದ್ದಾಗ ರಾಫ್ಟಿಂಗಿನ ದರವನ್ನು ಒಂದೂವರೆ ಪಟ್ಟು ಮಾಡುತ್ತಿದ್ದವನು ಅವನೇ. ಬುಧವಾರ ದೋಣಿ ಖಾಲಿ ಕೂತಾಗ ಕೇಳಿದಷ್ಟಕ್ಕೆ ಒಪ್ಪುತ್ತಿದ್ದವನೂ ಅವನೇ. ಆದರೆ ಗಿರಾಕಿ ಹಾಗೆ ಕಾಯುವುದು ಅವನಿಗೆ ಸೇರುತ್ತಿರಲಿಲ್ಲ.

ಮಾರ್ಚ್ ಮೊದಲ ವಾರ ಇನ್ನೊಂದು ಕಂಪನಿ ತನ್ನ ದೊಡ್ಡ ಹಡಗನ್ನು ಅದೇ ದಂಡೆಗೆ ತಂದಿತು. ಎರಡು ಸಾವಿರ ಹಾಸಿಗೆ ಒಮ್ಮೆಲೇ ಹೆಚ್ಚಾದವು. ಹೋಗುವ ಮಂದಿ ಅಷ್ಟೇ ಇದ್ದರು. ಇಜಾಬೆಲ್‌ಳ ಪರದೆಯ ಮೇಲಿನ ಅಂಕಿ ದಿನಕ್ಕೆರಡು ಬಾರಿ ಇಳಿಯತೊಡಗಿತು. ಹೊರಡುವುದಕ್ಕೆ ಐದು ದಿನ ಇದ್ದಾಗ ಕಂಪನಿಯಿಂದ ಏಜೆಂಟರಿಗೆಲ್ಲ ಮೇಲ್ ಬಂತು. ಕ್ಯಾಬಿನ್ನಿಗೆ ಮೂವತ್ತೊಂದು ಸಾವಿರ. ಒಬ್ಬರು ಬಂದರೂ ಅಷ್ಟೇ, ಇಬ್ಬರು ಬಂದರೂ ಅಷ್ಟೇ.

ಅವಳು ತಾನೇ ಫೋನು ಮಾಡಿದಳು.

"ತಗೋ," ಎಂದರು ಗಿರಿಜಾಬಾಯಿ. ಆಮೇಲೆ ಕೇಳಿದರು. "ಅಂದ್ರ ಎರಡನೇ ಹಾಸಗಿ ಪುಕ್ಕಟೆ?"

"ಹೌದ್ರಿ. ಯಾರನ್ನರ ಕರಕೊಂಡು ಹೋಗ್ರಿ."

ಮರುದಿನ ಬೆಳಿಗ್ಗೆ ಮತ್ತೆ ಫೋನು ಬಂತು. ನಾದಿನಿ ಕಾಶೆವ್ವನಿಗೆ ನೀರೆಂದರೆ ಅಣ್ಣನಷ್ಟೇ ಅಂಜಿಕೆ. ಸೊಸೆ ಪೂರ್ಣಿಮಾಗೆ ಮಗನ ಪರೀಕ್ಷೆ. ತಂಗಿ ಗುರುಬಸವ್ವ ವಾಂತಿಯಾಗುತ್ತದೆಂದು ಬಸ್ಸನ್ನೇ ಹತ್ತುವುದಿಲ್ಲ. "ನೀನಽ ಬಾ," ಎಂದರು.

"ನಾನಾ?"

"ಮತ್ಯಾರ? ಅಲ್ಲಿ ಬಾಗಿಲು ಯಾವುದು, ಬಚ್ಚಲ ಯಾವುದು ನಿನಗ ಗೊತ್ತೈತಿ. ರೊಕ್ಕ ಹೆಚ್ಚಿಗಿ ಬೀಳೂದಿಲ್ಲ. ಒಂದ ಹಾಸಗಿ ಖಾಲಿ ಹೊತ್ಕೊಂಡು ಹೋಗೋದು ನನ್ನ ಮನಸಿಗೆ ಬರವಲ್ದು."

ಇಜಾಬೆಲ್ ಹಿಂಜರಿಯಲು ಕಾರಣವಿತ್ತು. ಆ ಹಡಗಿನಲ್ಲಿ ರುಬಿನಾ ಇದ್ದಳು. ರುಬಿನಾ ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ಎರಡು ವರ್ಷದ ಹಿಂದೆ ಹಡಗಿನ ಕೆಲಸದ ಬಗ್ಗೆ ಕೇಳುತ್ತ ಬಂದಾಗ ಅರ್ಜಿ ತುಂಬಿಸಿ, ಸಂದರ್ಶನಕ್ಕೆ ಏನು ಹೇಳಬೇಕೆಂದು ಕಲಿಸಿ ಕಳಿಸಿದವಳು ಇಜಾಬೆಲ್. ಈಗ ತಾನು ಮಂಚದ ಮೇಲೆ ಕೂತು, ಅವಳ ಕೈಯಿಂದ ಟವೆಲ್ ಇಸಿದುಕೊಳ್ಳುವುದೆಂದರೆ ಏನೋ ಸರಿ ಕಾಣಲಿಲ್ಲ. ಆದರೆ ನಾಲ್ಕು ವರ್ಷ ಆ ಕೆಲಸದಲ್ಲಿದ್ದೂ ಅವಳು ಪ್ರಯಾಣಿಕರ ಡೆಕ್ಕಿನ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಕೆಲಸದವರಿಗೆ ಅಲ್ಲಿ ಕೂಡುವ ಪರವಾನಗಿ ಇರಲಿಲ್ಲ. ಕಿರಣಕುಮಾರ, "ಹೋಗಿ ಬಾ, ಚಲೋ ಫೋಟೊ ತಗೊಂಡು ಬಾ, ಸ್ಟೇಟಸ್‌ಗೆ ಹಾಕೂಣು," ಎಂದು ರಜೆ ಕೊಟ್ಟ. ಅವಳು ಹೂಂ ಎಂದಳು.

ಸೋಮವಾರ ನಸುಕಿನಲ್ಲಿ ಗಿರಿಜಾಬಾಯಿಯ ಮಗ ಉದಯಕುಮಾರ ತಾಯಿಯನ್ನು ಕಾರಿನಲ್ಲಿ ಕರೆತಂದು, ದಾಂಡೇಲಿಯಲ್ಲಿ ಇಜಾಬೆಲ್‌ಳನ್ನು ಹತ್ತಿಸಿಕೊಂಡ. ಜೋಯಿಡಾ ದಾಟಿದ ಮೇಲೆ ಕನ್ನಡಿಯಲ್ಲಿ ಹಿಂದೆ ನೋಡುತ್ತ, ತಾಯಿಗೆ ಹೇಳುವಂತೆ ಹೇಳಿದ. "ಬ್ಯಾರೆ ಬ್ಯಾರೆ ಖೋಲಿ ಸಿಗೂದಿಲ್ಲೇನು? ಎಲ್ಲಾರೂ ಕೇಳತಾರ. ಯಾರ ಜೋಡಿ ಹೋಗ್ಯಾರ, ಎಲ್ಲಿ ಮಲಗ್ಯಾರ ಅಂತ."

ಇಜಾಬೆಲ್ ಕಿಟಕಿಯ ಹೊರಗೆ ನೋಡಿದಳು. ಸಿದ್ದಿಗಳ ಬಗೆಗಿನ ಆ ಮಾತಿನ ಅರ್ಥ ಅವಳಿಗೆ ಹೊಸದಲ್ಲ.

"ಯಾರ ಕೇಳತಾರ, ಅವರನ್ನ ಕರದಿದ್ದೆ. ಯಾರೂ ಬರಲಿಲ್ಲ," ಎಂದರು ಗಿರಿಜಾಬಾಯಿ. "ಗಾಡಿ ಮುಂದ ನೋಡಿ ಹೊಡಿ."

ಅನಮೋಡದ ಚೆಕ್‌ಪೋಸ್ಟಿನ ಹತ್ತಿರ ಚಹಾಕ್ಕೆ ನಿಂತರು. ತಾಯಿ ಕೈಕಾಲು ತೊಳೆಯಲು ಹೋದಾಗ ಉದಯಕುಮಾರ ಇಜಾಬೆಲ್‌ಳ ಹತ್ತಿರ ಬಂದ. ಇನ್ನೇನೋ ಹೇಳುತ್ತಾನೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಅವನು ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. "ಇದು ಬಿ.ಪಿ. ಗುಳಿಗಿ. ಮುಂಜಾನೆ ಒಂದು. ನಾ ಕೊಟ್ಟರ ತಗೊಂಡೆ ಅಂತ ಸುಳ್ಳ ಹೇಳತಾಳ. ನೀವಽ ಮುಂದ ನಿಂತು ನುಂಗಸ್ರಿ." ಅಲ್ಲಿಯವರೆಗೆ ಅವಳನ್ನು ಏನೆಂದೂ ಕರೆಯದಿದ್ದವನು 'ನೀವು' ಎಂದದ್ದನ್ನು ಅವಳು ಗಮನಿಸಿದಳು. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು.

ಹಡಗು ಮಧ್ಯಾಹ್ನ ಬಿಟ್ಟಿತು. ಐದನೇ ಅಂತಸ್ತಿನ ಕ್ಯಾಬಿನ್ನು. ಎರಡು ಮಂಚ, ನಡುವೆ ಒಂದು ದೀಪ, ಗುಂಡನೆಯ ಕಿಟಕಿ. ಬಾಗಿಲು ಬಡಿದ ಸದ್ದಾಯಿತು. ರುಬಿನಾ ನಿಂತಿದ್ದಳು. ಇಜಾಬೆಲ್ ಬರುವುದು ಅವಳಿಗೆ ತಿಳಿದಿತ್ತು. ಆದರೂ ಗಿರಿಜಾಬಾಯಿಯ ಮುಂದೆ ಕಂಪನಿ ಕಲಿಸಿದ ದನಿಯಲ್ಲೇ, "ವೆಲ್‌ಕಮ್ ಮ್ಯಾಡಮ್," ಎಂದು ಇಬ್ಬರಿಗೂ ತಲೆಬಾಗಿ, ನೀರಿನ ಬಾಟಲಿ ಇಟ್ಟು ಹೋದಳು.

ಗಿರಿಜಾಬಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಗಂಟು ಬಿಚ್ಚಿ ಮಂಚದ ಮೇಲಿಟ್ಟು, ಎರಡು ರೊಟ್ಟಿ ತೆಗೆದು ಇಜಾಬೆಲ್‌ಳ ಕೈಗೆ ಕೊಟ್ಟರು. ಒಂದು ಕ್ಷಣ ಮಾತ್ರ ಅವರ ಕೈ ತಡೆಯಿತು, ಅಥವಾ ಇಜಾಬೆಲ್‌ಗೆ ಹಾಗೆನ್ನಿಸಿತು. ಆಮೇಲೆ ಒಂದೇ ಡಬ್ಬಿಯ ಚಟ್ನಿಯಲ್ಲಿ ಇಬ್ಬರೂ ಅದ್ದಿ ತಿಂದರು.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಇಜಾಬೆಲ್ ಎರಡೂ ಹಾಸಿಗೆ ಕೊಡವಿ, ಚಾದರದ ಮೂಲೆಗಳನ್ನು ಮಡಚಿ ಸಿಕ್ಕಿಸಿದಳು. ಕೈ ತಾನಾಗಿಯೇ ಮಾಡಿತ್ತು. ಗಿರಿಜಾಬಾಯಿ ಸ್ನಾನಕ್ಕೆ ಹೋದಾಗ ಬಂದ ರುಬಿನಾ ಅದನ್ನು ನೋಡಿ ಒಳಗಿನಿಂದ ಬಾಗಿಲು ಮುಚ್ಚಿದಳು.

"ಹಾಸಗಿ ನೀ ಮುಟ್ಟಬ್ಯಾಡ ಇಜಾಕ್ಕಾ. ನನ್ನ ಮಡಿಕಿ ಬ್ಯಾರೆ, ನಿಂದು ಬ್ಯಾರೆ. ಸೂಪರ್‌ವೈಸರ್ ನೋಡಿದ್ರ ನಾ ಕೆಲಸಾ ಮಾಡಿಲ್ಲ ಅಂತಾನ."

"ಎಷ್ಟು ರೂಮು ನಿಂದು?"

"ಇಪ್ಪತ್ತೆರಡು."

"ಹದಿನಾರ ಇರತಿದ್ವು."

"ದೊಡ್ಡ ಹಡಗು ಬಂದ ಮ್ಯಾಲೆ ದರಾ ಇಳಿಸಿದ್ರು. ದರಾ ಇಳಿಸಿದ ಮ್ಯಾಲೆ ನಮ್ಮಾಗ ಕೆಲವ್ರನ್ನ ಮನಿಗೆ ಕಳಸಿದ್ರು. ರೂಮು ತುಂಬ್ಯಾವ, ಕೈ ಕಡಿಮಿ ಆಗ್ಯಾವ." ಅವಳು ದಿಂಬಿನ ಕವರು ಬದಲಿಸುತ್ತಲೇ ಹೇಳಿದಳು. "ಸಸ್ತಾ ಟಿಕೆಟಿನ ಮಂದಿ ಟಿಪ್ಪೂ ಸಸ್ತಾನಽ ಕೊಡತಾರ. ಯಾರನ್ನ ಬೈಯೋದು?"

ದೂರಿನ ದನಿ ಇರಲಿಲ್ಲ. ಆದರೂ ಈ ಕೆಲಸಕ್ಕೆ ಅವಳನ್ನು ಕಳಿಸಿದಾಗ ತಾನು ಹದಿನಾರೆಂದೇ ಹೇಳಿದ್ದು ಇಜಾಬೆಲ್‌ಗೆ ನೆನಪಿತ್ತು.

ಅಂದು ಮಧ್ಯಾಹ್ನ ಊಟದ ಹಾಲಿನಲ್ಲಿ, ಸಸ್ಯಾಹಾರದ ಸಾಲಿನಲ್ಲಿ, ಹಳಿಯಾಳದ ನಾಗಲಿಂಗಪ್ಪ ಮತ್ತು ಹೆಂಡತಿ ನಿರ್ಮಲಾ ಎದುರಾದರು. ಹಳಿಯಾಳದಲ್ಲಿ ಬಟ್ಟೆ ಅಂಗಡಿ ಅವರದು. ನವೆಂಬರಿನಲ್ಲಿ ಇಜಾಬೆಲ್‌ಳೇ ಅವರಿಗೆ ಟಿಕೆಟ್ ಮಾಡಿಕೊಟ್ಟಿದ್ದಳು. ಅವರು ಇದೇ ಪ್ರಯಾಣದಲ್ಲಿದ್ದಾರೆಂಬುದು ಅವಳಿಗೆ ಗೊತ್ತಿತ್ತು. ಇಷ್ಟು ದೊಡ್ಡ ಹಡಗಿನಲ್ಲಿ ಮುಖ ತಪ್ಪಿಸಬಹುದು ಅಂದುಕೊಂಡಿದ್ದಳು. ಆದರೆ ಅವರ ಕ್ಯಾಬಿನ್ನು ಇವರ ಸಾಲಿನಲ್ಲೇ ಮೂರು ಬಾಗಿಲಾಚೆ ಇತ್ತು.

ನಾಲ್ವರೂ ಒಂದೇ ಮೇಜಿಗೆ ಕೂತರು. ಊರು, ಬಳಗ, ಮಾವಿನ ಹೂವು ಎಲ್ಲ ಮಾತಾಯಿತು. ಮಜ್ಜಿಗೆ ಅನ್ನ ಕಲಸಿಕೊಳ್ಳುತ್ತ ನಿರ್ಮಲಾ ಕೇಳಿದಳು. "ನಿಮಗ ಎಷ್ಟ ಬಿತ್ರಿ?"

ಮುಂಡಗೋಡದ ಪೇಟೆಯಲ್ಲಿ ದರ ಕೇಳಿದರೆ ದರ ಹೇಳುವುದೇ ರೂಢಿ. ಗಿರಿಜಾಬಾಯಿ ಹೇಳಿದರು. "ಮೂವತ್ತೊಂದು."

"ಒಬ್ಬರಿಗೆ?"

"ಇಬ್ಬರೂ ಸೇರಿ."

ನಾಗಲಿಂಗಪ್ಪ ಚಮಚ ಕೆಳಗಿಟ್ಟ. ದನಿ ಏರಿಸಲಿಲ್ಲ. "ಇಜಾಬೆಲ್, ನಮಗ ಎಷ್ಟಕ್ಕ ಕೊಟ್ಟಿದಿ?"

"ಎಪ್ಪತ್ತೆಂಟಕ್ಕ ರಿ."

"ಇವರಿಗೆ ಮೂವತ್ತೊಂದು. ಅದರಾಗ ನಿಂದೂ ಬಂತು."

"ಹೌದ್ರಿ. ನಂದೂ ಬಂತು."

"ಒಂದಽ ನಮೂನಿ ಖೋಲಿ?"

"ಒಂದಽ ನಮೂನಿ."

ಅವನು ಎದ್ದು ನೇರ ರಿಸೆಪ್ಷನ್ನಿಗೆ ಹೋದ. ಅಲ್ಲಿ ಅವನಿಗಿಂತ ಮೊದಲೇ ನಾಲ್ಕೈದು ಮಂದಿ ಅದೇ ಮಾತಿಗೆ ನಿಂತಿದ್ದರು. ಊಟದ ಮೇಜುಗಳಲ್ಲಿ ದರದ ಮಾತು ಆಗಲೇ ಹಬ್ಬಿತ್ತು. ಅರ್ಧ ತಾಸಿನ ಮೇಲೆ ಮರಳಿ ಬಂದ ನಾಗಲಿಂಗಪ್ಪ, ಮಸಾಜಿನ ರಿಯಾಯಿತಿಯ ಒಂದು ಕೂಪನ್ನನ್ನು ಇಜಾಬೆಲ್‌ಳ ತಟ್ಟೆಯ ಪಕ್ಕದಲ್ಲಿಟ್ಟ.

"ಇದಽ ಕೊಟ್ಟರು. ನೀನಽ ಇಟಗೋ," ಎಂದ. "ಅವತ್ತ ನೀ ಏನ್ ಹೇಳಿದ್ದಿ? ಈಗ ತಗೋಳ್ರಿ, ಮುಂದ ಏರತೈತಿ, ಇಳಿಯೂದಿಲ್ಲ ಅಂತ ಹೇಳಿದ್ದಿ. ನನ್ನ ಅಂಗಡ್ಯಾಗ ನಾ ಹಿಂಗ ಮಾಡಿದ್ರ ಹಳಿಯಾಳದಾಗ ಬಾಗಿಲಾ ತಗಿಯಾಕ ಬಿಡತಾರೇನು?"

ಇಳಿಯುವುದಿಲ್ಲ ಎಂದು ಅವಳು ಹೇಳಿದ್ದು ಖರೆ. ಏಜೆಂಟರು ಹಾಗೇ ಹೇಳಬೇಕೆಂದು ಕಂಪನಿ ಬರೆದು ಕಳಿಸಿತ್ತು. ಅದನ್ನು ಅವಳು ನಂಬಿ ಹೇಳಿದ್ದಳೋ, ಸುಮ್ಮನೆ ಓದಿ ಹೇಳಿದ್ದಳೋ, ಈಗ ಅವಳಿಗೇ ತಿಳಿಯಲಿಲ್ಲ. ಆ ಹೊತ್ತಿನಿಂದ ನಾಗಲಿಂಗಪ್ಪ ಅವಳ ಜೊತೆ ಮಾತು ಬಿಟ್ಟ. ಸಾಲಿನಲ್ಲಿ ಎದುರಾದರೆ ಗೋಡೆಯ ಚಿತ್ರ ನೋಡುತ್ತ ದಾಟಿ ಹೋಗುತ್ತಿದ್ದ.

ನಿರ್ಮಲಾ ಹಾಗೆ ಮಾಡಲಿಲ್ಲ. ಮೂರನೇ ದಿನ ಅವಳೇ ಡೆಕ್ಕಿಗೆ ಬಂದು ಗಿರಿಜಾಬಾಯಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ದ್ವೀಪ ಹಿಂದೆ ಉಳಿದಿತ್ತು. ನಾಲ್ಕೂ ಕಡೆ ನೀರಲ್ಲದೆ ಬೇರೇನೂ ಇರಲಿಲ್ಲ.

"ಅವರು ರಾತ್ರಿಯೆಲ್ಲಾ ನಲವತ್ತೇಳು ಸಾವಿರ, ನಲವತ್ತೇಳು ಸಾವಿರ ಅಂತಽ ಇದ್ರು," ಎಂದಳು ನಿರ್ಮಲಾ. "ನಾ ಅಂದೆ, ಐದ ದಿನಾ ಮೊದಲ ಹೇಳಿದ್ರ ನಾವ್ ಬರಾಕ ಆಗತಿತ್ತೇನು? ಅಂಗಡಿಗೆ ಅಳಿಯನ್ನ ಕರಸಬೇಕು, ಅವ ರಜಾ ಹಾಕಬೇಕು. ನವೆಂಬರ್‌ದಾಗ ಟಿಕೆಟ್ ಕೈಯಾಗ ಬಂತು, ಅದಕ್ಕ ಬಂದ್ವಿ. ಇಲ್ಲಂದ್ರ ಮುಂದಿನ ವರ್ಷ ಅಂತ ಅಂದ್ಕೋತಽ ಕುಂಡರತಿದ್ವಿ."

"ನಾ ಕಾಯಬಲ್ಲೆ, ಅದಕ್ಕ ನನಗ ಸಸ್ತಾ ಬಿತ್ತು," ಎಂದರು ಗಿರಿಜಾಬಾಯಿ. "ಸಿಗದಽ ಹೋಗಿದ್ರ ಮನ್ಯಾಗ ಇರತಿದ್ದೆ. ಸುಗ್ಗಿ ಮೊದಲನೇ ಪೆಟಗಿ ಒಯ್ಯೋರು, ಕಡೀಗೆ ಒಯ್ಯೋರು ಒಂದಽ ದರಾ ಕೊಡತಾರೇನು? ಆದ್ರ ಒಂದ ಮಾತು. ಮೊದಲನೇ ಪೆಟಗಿ ಮಾರೋ ಮುಂದ, ನಾಳೆ ಇಳಿಯೂದಿಲ್ಲ ಅಂತ ನಾ ಯಾರಿಗೂ ಮಾತು ಕೊಡೂದಿಲ್ಲ."

ಇಜಾಬೆಲ್ ಪಕ್ಕದಲ್ಲೇ ಇದ್ದಳು. ಆ ಮಾತು ತನಗೆ ಹೇಳಿದ್ದೆಂದು ತಿಳಿದುಕೊಂಡಳು. ಗಿರಿಜಾಬಾಯಿ ಅವಳ ಕಡೆ ತಿರುಗಲಿಲ್ಲ.

ನಿರ್ಮಲಾ ಹೋದ ಮೇಲೆ ಇಬ್ಬರೂ ಬಹಳ ಹೊತ್ತು ಕೂತರು. ನಾಲ್ಕು ವರ್ಷ ಇಜಾಬೆಲ್ ಈ ಸಮುದ್ರವನ್ನು ಬೇರೆಯವರ ಕಿಟಕಿ ಒರೆಸುವಾಗ ನೋಡಿದ್ದಳು. ಕೂತು ನೋಡಿದರೆ ಬೇರೇನೋ ಕಂಡೀತು ಅಂದುಕೊಂಡಿದ್ದಳು. ನೀರು ಅದೇ ಇತ್ತು. ಅದನ್ನು ಬೇಕಾದಷ್ಟು ಹೊತ್ತು ನೋಡಬಹುದಿತ್ತು, ಯಾರೂ ಕರೆಯುತ್ತಿರಲಿಲ್ಲ, ಅಷ್ಟೇ ಬೇರೆ. ಅಷ್ಟು ಸಾಕೆನ್ನಿಸಿತು.

"ನಮ್ಮ ಮನಿಯವರು ಬಂದಿದ್ರ ಮೊದಲನೇ ದಿನಾನಽ ನನ್ನ ಇಳಸ್ರಿ ಅಂತ ಕುಂಡರತಿದ್ರು," ಎಂದರು ಗಿರಿಜಾಬಾಯಿ, ಯಾವ ಪ್ರಶ್ನೆಗೂ ಅಲ್ಲದ ಉತ್ತರದಂತೆ. ಆಮೇಲೆ ಕೇಳಿದರು. "ಆ ಹುಡಿಗಿ, ನಮ್ಮ ಖೋಲಿ ನೋಡಾಕಿ, ನಿಮ್ಮ ಪೈಕಿ ಏನು?"

"ಪೈಕಿ ಅಲ್ರಿ. ನಾನಽ ಕೆಲಸಕ್ಕ ಕಳಸೇನಿ."

"ನಿನ್ನೆ ಮುಂಜಾನೆ ನೀವಿಬ್ರು ಮಾತಾಡೂದು ಬಚ್ಚಲದಾಗ ಕೇಳಸ್ತು. ಹಂಗಾದ್ರ ನನ್ನ ಟಿಕೆಟ್ ಇಳದದ್ದು ಆಕಿ ಕಿಸೆದಿಂದ ಇಳದಂಗಾತು."

"ಎಲ್ಲಾ ಅಲ್ರಿ. ಸ್ವಲ್ಪ."

"ಪೂರಾ ದರಾ ಕೊಟ್ಟು ಬಂದ ಮಂದಿ ಕಡೀಕ ಎಷ್ಟ ಟಿಪ್ ಕೊಡತಾರ?"

ಇಜಾಬೆಲ್ ಹೇಳಿದಳು. ಗಿರಿಜಾಬಾಯಿ ತಲೆಯಾಡಿಸಿದರು. ಇಳಿಯುವ ದಿನ ಬೆಳಿಗ್ಗೆ ರುಬಿನಾಳನ್ನು ಒಳಗೆ ಕರೆದು ಅಷ್ಟನ್ನೇ ಕೊಟ್ಟರು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. "ಇದು ನಿಂದಽ ದುಡಿಮಿದು. ಧರ್ಮ ಅಲ್ಲ," ಎಂದರು. ರುಬಿನಾ ಕಂಪನಿಯ ದನಿಯಲ್ಲಿ "ಥ್ಯಾಂಕ್ಯೂ ಮ್ಯಾಡಮ್" ಎಂದವಳು ಬಾಗಿಲವರೆಗೆ ಹೋಗಿ ತಿರುಗಿ, "ಹೋಗಿ ಬರ್ರಿ ಅವ್ವಾರ," ಎಂದಳು.

ಮುಂದಿನ ಬುಧವಾರ ನಾಗಲಿಂಗಪ್ಪ ದಾಂಡೇಲಿಯ ಅಂಗಡಿಗೆ ಬಂದ. ಕಿರಣಕುಮಾರ ಎದ್ದು ನಿಂತು ಕುರ್ಚಿ ಕೊಟ್ಟು, ತಂಪು ತರಿಸಿ, ಅದು ಕಂಪ್ಯೂಟರಿನ ತಪ್ಪೆಂದು ಹೇಳಲು ಶುರು ಮಾಡಿದ. ಹಾಗೇ ಹೇಳೆಂದು ಇಜಾಬೆಲ್‌ಗೂ ಕಣ್ಣಿನಲ್ಲಿ ಸನ್ನೆ ಮಾಡಿದ.

"ತಪ್ಪು ಕಂಪ್ಯೂಟರಿಂದ ಅಲ್ರಿ," ಎಂದಳು ಅವಳು. "ದರಾ ಹಂಗಽ ಇರತೈತಿ. ಮಂದಿ ಬಂದ್ರ ಏರತೈತಿ, ಬರದಿದ್ರ ಇಳಿತೈತಿ. ಆದ್ರ ಇಳಿಯೂದಿಲ್ಲ ಅಂತ ನಾ ಹೇಳಿದ್ದು ತಪ್ಪು. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದಽ ಹೇಳಿದೆ. ನಿಮ್ಮ ಟಿಕೆಟ್ ಮ್ಯಾಲೆ ನನಗ ಬಂದ ಕಮಿಷನ್ ಇದು, ಎರಡು ಸಾವಿರ. ಇದಽ ನನ್ನ ಕೈಯಾಗಿಂದು. ಉಳದದ್ದು ನನ್ನ ಕಡೆ ಇಲ್ಲ."

ಅವನು ಬೇಡ ಎನ್ನುತ್ತಾನೆಂದು ಕಿರಣಕುಮಾರ ಅಂದುಕೊಂಡಿದ್ದ. ನಾಗಲಿಂಗಪ್ಪ ನೋಟುಗಳನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ತಂಪನ್ನು ಪೂರ್ತಿ ಕುಡಿದ.

"ರೊಕ್ಕದ ಸಲುವಾಗಿ ಬಂದಿರಲಿಲ್ಲ. ಆದ್ರ ತಗೊಂಡೆ," ಎಂದ. "ಮುಂದಿನ ಸಲ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳು. ನಾನೂ ವ್ಯಾಪಾರಸ್ಥ. ತಿಳಕೋತೇನಿ."

ಅವನು ಹೋದ ಮೇಲೆ ಕಿರಣಕುಮಾರ ಒಂದು ತಾಸು ಬೈದ. ಹೀಗೆ ಒಪ್ಪಿಕೊಳ್ಳುತ್ತ ಹೋದರೆ ಅಂಗಡಿ ಮುಚ್ಚಬೇಕಾದೀತು ಎಂದ. ಇಜಾಬೆಲ್ ಕೇಳಿಸಿಕೊಂಡಳು. ಆಮೇಲೆ ಬಂದವರಿಗೆಲ್ಲ ಅವಳು ಎರಡೂ ಮಾತು ಹೇಳತೊಡಗಿದಳು. ಈಗ ತೆಗೆದುಕೊಂಡರೆ ಬೇಕಾದ ದಿನ, ಬೇಕಾದ ರೂಮು ಸಿಗುತ್ತದೆ. ಕಾದರೆ ಇಳಿಯಬಹುದು, ಏರಲೂಬಹುದು, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವವಳ ಹತ್ತಿರ ಯಾಕೆ ತೆಗೆದುಕೊಳ್ಳಬೇಕೆಂದು ಕೆಲವರು ಎದ್ದು ಹೋದರು. ಕೆಲವರು ತೆಗೆದುಕೊಂಡರು. ಒಟ್ಟಿನಲ್ಲಿ ಆ ವರ್ಷ ಹಡಗಿನ ಟಿಕೆಟುಗಳು ಸ್ವಲ್ಪ ಕಡಿಮೆಯೇ ಹೋದವು.

ಮಳೆಗಾಲಕ್ಕೆ ಹಡಗುಗಳು ನಿಂತವು. ಜೂನ್ ಕೊನೆಯಲ್ಲಿ ರುಬಿನಾ ಊರಿಗೆ ಬಂದವಳು ಅಂಗಡಿಗೆ ಬಂದಳು. ಹಳೇ ಕಂಪನಿ ಹೊಸ ಕರಾರಿನ ಕಾಗದ ಕಳಿಸಿತ್ತು. ಸಂಬಳ ಅದೇ, ರೂಮು ಇಪ್ಪತ್ತೆರಡು. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಬೇಕು.

"ಮಾಡ್ಲೇನು ಇಜಾಕ್ಕಾ? ಮಾಡದಿದ್ರ ಕೈ ಬಿಟ್ಟು ಹೋದೀತು."

ಇಜಾಬೆಲ್ ಕಾಗದವನ್ನು ಎರಡು ಸಲ ಓದಿದಳು. ಈಗ ದಂಡೆಯಲ್ಲಿ ಎರಡು ಹಡಗು ಇವೆ. ಅಕ್ಟೋಬರಿಗೆ ಎರಡಕ್ಕೂ ಕೆಲಸ ಬಲ್ಲವರು ಬೇಕು. ಮಾರ್ಚಿನಲ್ಲಿ ಮನೆಗೆ ಕಳಿಸಿದವರಲ್ಲಿ ಎಷ್ಟೋ ಮಂದಿ ಗೋವಾದ ಹೋಟೆಲುಗಳಲ್ಲಿ ಸೇರಿಕೊಂಡಾಗಿದೆ.

"ನನಗ ಖಾತ್ರಿ ಗೊತ್ತಿಲ್ಲ," ಎಂದಳು. "ಕೈ ಬಿಟ್ಟು ಹೋಗಲೂಬಹುದು. ಆದ್ರ ನಾ ನೀನಾಗಿದ್ರ ಶುಕ್ರವಾರ ಸಹಿ ಮಾಡತಿರಲಿಲ್ಲ. ಆ ಇನ್ನೊಂದು ಕಂಪನಿಗೆ ಅರ್ಜಿ ಹಾಕತಿದ್ದೆ. ಹಾಕೇನಿ ಅಂತ ಇವರಿಗೂ ತಿಳಿಸತಿದ್ದೆ."

ರುಬಿನಾ ಎರಡು ದಿನ ಯೋಚಿಸಿದಳು. ಆಮೇಲೆ ಇಬ್ಬರೂ ಕೂತು ಅರ್ಜಿ ತುಂಬಿ, ಹಳೇ ಕಂಪನಿಗೂ ಹಾಗೆಂದು ಬರೆದರು. ಶುಕ್ರವಾರ ಹೋಯಿತು. ಮುಂದಿನ ಶುಕ್ರವಾರವೂ ಹೋಯಿತು. ರುಬಿನಾಳ ಅಮ್ಮ ಇಜಾಬೆಲ್‌ಗೆ ಫೋನು ಮಾಡಿ, ಮಗಳ ಅನ್ನಕ್ಕೆ ಕಲ್ಲು ಹಾಕಿದಿ ಎಂದು ಅತ್ತಳು. ಇಜಾಬೆಲ್ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ವಾರ ಹಳೇ ಕಂಪನಿಯ ಗೋವಾ ಆಫೀಸಿನಿಂದ ರುಬಿನಾಳಿಗೆ ಫೋನು ಬಂತು. ಸಂಬಳ ಹೆಚ್ಚಿಸಲು ಅವರು ಒಪ್ಪಲಿಲ್ಲ. ರೂಮು ಹದಿನೇಳು ಎಂದು ಕರಾರಿನಲ್ಲೇ ಬರೆದು ಕೊಡುತ್ತೇವೆ ಎಂದರು.

"ಹದಿನಾರು ಕೇಳಲೇನು?" ಎಂದು ರುಬಿನಾ ಫೋನಿನಲ್ಲಿ ಕೇಳಿದಳು.

ಅಂಗಡಿಯ ಮುಂದೆ ಜಿಟಿಜಿಟಿ ಮಳೆ ಹಿಡಿದಿತ್ತು. ಬೆಳಗಾವಿಯಿಂದ ಬಂದ ಆರು ಮಂದಿ ಕಾಳಿ ನದಿಯಲ್ಲಿ ದೋಣಿ ಬಿಡುತ್ತಾರೋ ಇಲ್ಲವೋ ಎಂದು ಕಿರಣಕುಮಾರನನ್ನು ವಿಚಾರಿಸುತ್ತಿದ್ದರು. ಇಜಾಬೆಲ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಕೇಳು," ಎಂದಳು. "ಒಲ್ಲೆ ಅಂದ್ರ ಹದಿನೇಳಕ್ಕ ಹೂಂ ಅನ್ನು. ಆದ್ರ ಮೊದಲ ಕೇಳು."